ಕಿರುಬರಹವೂ ವಾಚಕವರ್ಗವೂ

ಪತ್ರಿಕೆಯೊಂದನ್ನು ಹೊರಡಿಸುವುದು ಅಷ್ಟು ಕಷ್ಟವಲ್ಲ. ಅದಕ್ಕೆ ವಾಚಕರನ್ನು ಗಳಿಸುವುದು ಕಷ್ಟ. ಗಳಿಸಿದ ವಾಚಕರನ್ನು ಉಳಿಸಿಕೊಳ್ಳುವುದು ಇನ್ನೂ ಕಷ್ಟ. ಈ ಮಾತು ದೊಡ್ಡ ನಗರದ ದಿನಪತ್ರಿಕೆಗೆ ಎಷ್ಟು ಸಲ್ಲುವುದೋ, ಕಾಲೇಜಿನ ಗೋಡೆಪತ್ರಿಕೆಗೂ, ತಿಂಗಳಿಗೊಮ್ಮೆ ನಾಲ್ಕು ಪುಟಗಳಲ್ಲಿ ಹೊರಡುವ ಸಣ್ಣ ವಾರ್ತಾಪತ್ರಕ್ಕೂ ಅಷ್ಟೇ ಸಲ್ಲುವುದು. ಆರಂಭದ ಸಂಚಿಕೆಯನ್ನು ಸ್ನೇಹಕ್ಕಾಗಿ ಓದುವವರು ಬಹಳ ಮಂದಿ. ಮೂರನೆಯ ಸಂಚಿಕೆಯನ್ನು ಕೇಳಿ ಪಡೆಯುವವರು ಎಷ್ಟು ಮಂದಿ ಎಂಬುದೇ ನಿಜವಾದ ಪರೀಕ್ಷೆ.

ವಾಚಕರನ್ನು ಹೆಚ್ಚಿಸಲು ಸಂಪಾದಕರು ಅನುಸರಿಸುವ ಉಪಾಯಗಳಲ್ಲಿ ಬಹು ಹಳೆಯದು ಕಿರುಬರಹ. ದೊಡ್ಡ ಲೇಖನಗಳ ನಡುವೆ, ಅಥವಾ ಒಂದು ಸಂಚಿಕೆಗೂ ಇನ್ನೊಂದು ಸಂಚಿಕೆಗೂ ನಡುವಣ ದಿನಗಳಲ್ಲಿ, ನೂರು ನೂರೈವತ್ತು ಪದಗಳೊಳಗೆ ಮುಗಿಯುವ ಸುದ್ದಿ, ಚಾಟೂಕ್ತಿ, ಗಾದೆಯ ವಿವರಣೆ, ನಾಲ್ಕು ಸಾಲಿನ ಪದ್ಯ, ಮಳೆ ಬೆಳೆಯ ವಿಷಯ, ಇಂಥವನ್ನು ಕೊಡುವುದು ಈ ಉಪಾಯ. ಇಂಥ ಕಿರುಬರಹ ಎಷ್ಟು ದಿನಕ್ಕೊಮ್ಮೆ ಬಂದರೆ ವಾಚಕವರ್ಗ ಬೆಳೆಯುವುದು? ದಿನಕ್ಕೊಂದೇ, ವಾರಕ್ಕೊಂದೇ, ತಿಂಗಳಿಗೊಂದೇ? ಹೆಚ್ಚು ಬರೆದಷ್ಟೂ ಹೆಚ್ಚು ಜನ ಬರುವರೆಂಬ ನಂಬಿಕೆ ನಿಜವೇ? ಇದನ್ನು ಪತ್ರಿಕೆಗಳ ಇತಿಹಾಸದ ಕೆಲವು ಉದಾಹರಣೆಗಳ ಮೂಲಕ ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

೧. ನಮ್ಮ ನೆಲದ ಹಳೆಯ ಪಾಠ

ಸಣ್ಣ ಮಾತನ್ನು ಬಹುಜನಕ್ಕೆ ಮುಟ್ಟಿಸುವ ವಿದ್ಯೆಯ ಅತಿ ಪ್ರಾಚೀನ ಸಾಕ್ಷ್ಯವೊಂದು ನಮ್ಮ ಮಗ್ಗುಲಲ್ಲೇ ಇದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆಗಳಲ್ಲಿ ಅಶೋಕನ ಕಿರು ಬಂಡೆಶಾಸನಗಳಿವೆ. ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಇವುಗಳನ್ನು ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ನಿರೂಪವಿದು. ತಂದೆತಾಯಿಗಳ ಮಾತನ್ನು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು, ಹೀಗೆ ಅದರ ಉಪದೇಶ ಕೆಲವೇ ಪಂಕ್ತಿಗಳಲ್ಲಿ ಮುಗಿಯುತ್ತದೆ. ಬರೆದ ಲಿಪಿಕಾರ ಚಪಡನ ಹೆಸರೂ ಅಲ್ಲಿದೆ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಒಂದಕ್ಕೊಂದು ಹತ್ತಿರವಿರುವ ಮೂರು ಎಡೆಗಳಲ್ಲಿ ಒಂದೇ ಮಾತನ್ನು ಕೆತ್ತಿಸಿರುವುದು ಮೊದಲನೆಯದು. ಮಸ್ಕಿ, ಕೊಪ್ಪಳ, ನಿಟ್ಟೂರು, ಉದೆಗೊಳಗಳಲ್ಲಿಯೂ ಈ ಬಗೆಯ ಕಿರುಶಾಸನಗಳು ದೊರೆತಿವೆ. ಎರಡನೆಯದು ಇದಕ್ಕಿಂತ ಮುಖ್ಯವಾದುದು. ಕಳಿಂಗದೇಶದ ಧೌಲಿ, ಜೌಗಡಗಳ ಪ್ರತ್ಯೇಕ ಶಾಸನಗಳಲ್ಲಿ ಅಶೋಕನು, ಈ ಲಿಪಿಯನ್ನು ತಿಷ್ಯ ನಕ್ಷತ್ರದ ದಿನಗಳಲ್ಲಿ ಜನರು ಕೇಳುವಂತೆ ಆಗಬೇಕೆಂದೂ, ನಡುವಣ ದಿನಗಳಲ್ಲಿ ಸಂದರ್ಭ ಒದಗಿದಾಗ ಒಬ್ಬನೇ ಇದ್ದರೂ ಕೇಳಿಸಬಹುದೆಂದೂ ವಿಧಿಸಿದ್ದಾನೆ. ತಿಷ್ಯವೆಂದರೆ ನಮ್ಮ ಪುಷ್ಯ ನಕ್ಷತ್ರ. ಶಾಸನ ಕಲ್ಲಿನ ಮೇಲೆ ಸದಾ ಇದ್ದೇ ಇದೆ. ಆದರೂ ಅದಕ್ಕೊಂದು ದಿನ ಬೇಕೆಂದು ಆ ಚಕ್ರವರ್ತಿಗೆ ತೋರಿತು. ಸದಾ ಕಣ್ಣೆದುರಿಗಿರುವುದನ್ನು ಯಾರೂ ನೋಡರು. ಗೊತ್ತಾದ ದಿನ ಬರುವುದನ್ನು ಎಲ್ಲರೂ ಕಾಯುವರು. ನಿಯತಕಾಲಿಕೆಗಳ ಮೂಲತತ್ತ್ವ ಇಲ್ಲಿಯೇ ಅಡಗಿದೆ ಎನ್ನಬಹುದು.

೨. ಕನ್ನಡದ ಮೊದಲ ಪತ್ರಿಕೆ

ಈ ತತ್ತ್ವ ಅಚ್ಚಿನ ರೂಪದಲ್ಲಿ ಕನ್ನಡಕ್ಕೆ ಬಂದದ್ದು ೧೮೪೩ರ ಜುಲೈ ೧ರಂದು. ಆ ದಿನ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರು ಮಂಗಳೂರಿನಿಂದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಅದು ಕಲ್ಲಚ್ಚಿನ ಪತ್ರಿಕೆ, ಪುಟಗಳು ನಾಲ್ಕು, ಹದಿನೈದು ದಿನಕ್ಕೊಮ್ಮೆ ಪ್ರಕಟಣೆ. ಊರಿನ ವರ್ತಮಾನ, ಸರ್ಕಾರದ ನಿರೂಪ, ಆಶ್ಚರ್ಯದ ಸುದ್ದಿ, ಕಥೆ, ಬುದ್ಧಿಮಾತು ಇವೆಲ್ಲವೂ ಆ ನಾಲ್ಕು ಪುಟಗಳಲ್ಲಿ ಅಡಕವಾಗಬೇಕಾಗಿತ್ತು. ಆದುದರಿಂದ ಕನ್ನಡದ ಮೊದಲ ಪತ್ರಿಕೆ ಹುಟ್ಟುವಾಗಲೇ ಕಿರುಬರಹಗಳ ಪತ್ರಿಕೆಯಾಗಿ ಹುಟ್ಟಿತೆಂದರೆ ತಪ್ಪಾಗದು.

ಮಾರನೆಯ ವರ್ಷ, ಅಂದರೆ ೧೮೪೪ರಲ್ಲಿ, ಅಚ್ಚುಮೊಳೆಯ ಅನುಕೂಲಕ್ಕಾಗಿ ಪತ್ರಿಕೆಯನ್ನು ನಮ್ಮ ನೆರೆಯ ಬಳ್ಳಾರಿಗೆ ಸಾಗಿಸಿದರು. ಹೆಸರೂ ‘ಕನ್ನಡ ಸಮಾಚಾರ’ವೆಂದಾಯಿತು. ಊರಿನ ಹೆಸರು ಹೋಗಿ ಭಾಷೆಯ ಹೆಸರು ಬಂದುದು ವಾಚಕವರ್ಗದ ಕಲ್ಪನೆಯೇ ವಿಸ್ತಾರಗೊಂಡುದರ ಗುರುತು. ಪತ್ರಿಕೆ ಬಹುಕಾಲ ಬಾಳಲಿಲ್ಲ. ಆದರೂ ಪಕ್ಷಕ್ಕೊಮ್ಮೆ ಸುದ್ದಿಯನ್ನು ನಿರೀಕ್ಷಿಸುವ ಹೊಸದೊಂದು ಅಭ್ಯಾಸವನ್ನು ಕನ್ನಡಿಗರಿಗೆ ಮೊದಲು ಪರಿಚಯಿಸಿದ ಕೀರ್ತಿ ಅದರದು. ಕರ್ನಾಟಕದಲ್ಲಿ ಜುಲೈ ೧ನ್ನು ಪತ್ರಿಕಾ ದಿನವೆಂದು ಆಚರಿಸುವುದು ಈ ಕಾರಣದಿಂದಲೇ.

೩. ಒಂದು ಹಾಳೆಯ ಪ್ರಬಂಧಗಳು

ಆವರ್ತನದ, ಎಂದರೆ ಎಷ್ಟು ದಿನಕ್ಕೊಮ್ಮೆ ಎಂಬ ಲೆಕ್ಕದ, ಪರಿಣಾಮವನ್ನು ಹೋಲಿಸಿ ನೋಡಲು ಹದಿನೆಂಟನೆಯ ಶತಮಾನದ ಇಂಗ್ಲೆಂಡು ಒಳ್ಳೆಯ ಕ್ಷೇತ್ರ. ಇಂಗ್ಲಿಷ್ ಸಾಹಿತ್ಯವನ್ನು ಓದುವ ವಿದ್ಯಾರ್ಥಿಗಳಿಗೆ ಈ ಪತ್ರಿಕೆಗಳ ಹೆಸರು ಪರಿಚಿತವೇ.

ರಿಚರ್ಡ್ ಸ್ಟೀಲ್ ೧೭೦೯ರಲ್ಲಿ ಆರಂಭಿಸಿದ ‘ಟ್ಯಾಟ್ಲರ್’ ವಾರಕ್ಕೆ ಮೂರು ಸಲ, ಮಂಗಳವಾರ, ಗುರುವಾರ, ಶನಿವಾರಗಳಲ್ಲಿ ಹೊರಡುತ್ತಿತ್ತು. ಈ ದಿನಗಳನ್ನು ಆರಿಸಿದುದು ಸುಮ್ಮನೆ ಅಲ್ಲ. ಲಂಡನ್ನಿನಿಂದ ಹಳ್ಳಿಗಾಡಿಗೆ ಟಪಾಲು ಹೊರಡುತ್ತಿದ್ದ ದಿನಗಳು ಅವು. ಸಂಪಾದಕನ ಅನುಕೂಲವನ್ನು ನೋಡದೆ, ಬರಹ ವಾಚಕನ ಕೈಗೆ ಸೇರುವ ದಾರಿಯನ್ನು ನೋಡಿ ದಿನವನ್ನು ಗೊತ್ತುಮಾಡಿದುದು ಇಲ್ಲಿಯ ಜಾಣತನ. ಅನಂತರ ೧೭೧೧ರ ಮಾರ್ಚ್ ೧ರಂದು ಅಡಿಸನ್ ಮತ್ತು ಸ್ಟೀಲ್ ಇಬ್ಬರೂ ಸೇರಿ ‘ಸ್ಪೆಕ್ಟೇಟರ್’ ಪತ್ರಿಕೆಯನ್ನು ತೆಗೆದರು. ಭಾನುವಾರವೊಂದನ್ನು ಬಿಟ್ಟು ದಿನವೂ ಒಂದು ಹಾಳೆ, ಹಾಳೆಗೊಂದು ಪ್ರಬಂಧ. ೧೭೧೨ರ ಡಿಸೆಂಬರಿನೊಳಗೆ ೫೫೫ ಸಂಚಿಕೆಗಳು ಹೊರಬಂದುವು. ದಿನಕ್ಕೆ ೩೦೦೦ ಪ್ರತಿಗಳು ಹಂಚಿಕೆಯಾಗುತ್ತಿವೆಯೆಂದೂ, ಒಂದು ಪ್ರತಿಯನ್ನು ೨೦ ಮಂದಿ ಓದುವರೆಂದು ಎಣಿಸಬಹುದೆಂದೂ ಅಡಿಸನ್ ತನ್ನ ಹತ್ತನೆಯ ಸಂಚಿಕೆಯಲ್ಲಿ ಬರೆದನು. ಹಾಗಾದರೆ ಓದುಗರು ೬೦,೦೦೦. ಕಾಫಿ ಅಂಗಡಿಗಳಲ್ಲಿ ಒಂದು ಹಾಳೆ ಕೈಯಿಂದ ಕೈಗೆ ಹೋಗುತ್ತಿದ್ದ ಕಾಲವದು.

ಇದನ್ನು ನೋಡಿ, ದಿನವೂ ಬರೆದರೆ ಜನ ಸೇರುವರು ಎಂಬ ಸಿದ್ಧಾಂತಕ್ಕೆ ಬಂದುಬಿಡಬಾರದು. ೧೭೫೦ರಿಂದ ೧೭೫೨ರವರೆಗೆ ಡಾಕ್ಟರ್ ಜಾನ್ಸನ್ ವಾರಕ್ಕೆರಡು ಸಲ, ಮಂಗಳವಾರ ಮತ್ತು ಶನಿವಾರ, ದಿನ ತಪ್ಪದೆ ‘ರ‍್ಯಾಂಬ್ಲರ್’ ಪತ್ರಿಕೆಯನ್ನು ಹೊರಡಿಸಿದನು. ಒಟ್ಟು ೨೦೮ ಸಂಚಿಕೆಗಳು. ಶ್ರದ್ಧೆಯಲ್ಲಿ ಕೊರತೆಯಿರಲಿಲ್ಲ, ಪಾಂಡಿತ್ಯದಲ್ಲಂತೂ ಇರಲೇ ಇಲ್ಲ. ಆದರೂ ಬಿಡಿ ಹಾಳೆಯ ಮಾರಾಟ ೫೦೦ ಪ್ರತಿಗಳನ್ನು ದಾಟಿದ್ದು ಅಪರೂಪ. ಅದೇ ಪ್ರಬಂಧಗಳು ಪುಸ್ತಕರೂಪದಲ್ಲಿ ಬಂದಾಗ ಆವೃತ್ತಿಯ ಮೇಲೆ ಆವೃತ್ತಿ ಖರ್ಚಾದುವು. ಇದರ ಅರ್ಥವೇನು? ನಿಧಾನವಾಗಿ ಓದಬೇಕಾದ ಗಂಭೀರ ಬರಹಕ್ಕೆ ಸಣ್ಣ ಹಾಳೆಯ ಅವಸರ ಒಗ್ಗಲಿಲ್ಲ. ಅಡಿಸನ್ನನ ಹಾಳೆ ಚಹ ಕುಡಿಯುವಷ್ಟರಲ್ಲಿ ಓದಿ ಮುಗಿಸಿ ಪಕ್ಕದವನಿಗೆ ಹೇಳುವಂಥದು. ಜಾನ್ಸನ್ನನ ಹಾಳೆ ಕುಳಿತು ಮನನ ಮಾಡುವಂಥದು. ಬರಹದ ಗುಣಕ್ಕೆ ತಕ್ಕ ಆವರ್ತನ ಬೇಕೆಂಬುದು ಇಲ್ಲಿಯ ಪಾಠ.

೪. ಗಾಂಧೀಜಿಯವರ ವಾರಪತ್ರಿಕೆಗಳು

ನಮ್ಮ ದೇಶದ ಉದಾಹರಣೆಗೆ ಬಂದರೆ, ೧೯೧೯ರಲ್ಲಿ ಗಾಂಧೀಜಿಯವರು ವಹಿಸಿಕೊಂಡ ಎರಡು ಪತ್ರಿಕೆಗಳು ನೆನಪಿಗೆ ಬರುತ್ತವೆ. ‘ನವಜೀವನ’ ಅದುವರೆಗೆ ಗುಜರಾತಿ ಮಾಸಪತ್ರಿಕೆಯಾಗಿತ್ತು. ಅವರು ಅದನ್ನು ವಾರಪತ್ರಿಕೆಯನ್ನಾಗಿ ಮಾಡಿದರು. ಇಂಗ್ಲಿಷಿನ ‘ಯಂಗ್ ಇಂಡಿಯಾ’ ವಾರಪತ್ರಿಕೆಯಾಗಿದ್ದುದು ಕೆಲಕಾಲ ವಾರಕ್ಕೆರಡು ಸಲ ಬಂದು, ಮತ್ತೆ ವಾರಪತ್ರಿಕೆಯೇ ಆಯಿತು. ಒಂದು ಕಾಲಕ್ಕೆ ಇವುಗಳ ಪ್ರಸಾರ ೪೦,೦೦೦ದ ಸಮೀಪಕ್ಕೆ ಮುಟ್ಟಿತ್ತೆಂದು ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ನವಜೀವನದ ಪ್ರಸಾರ ಒಮ್ಮೆಗೇ ಏರಿತು. ಯಂಗ್ ಇಂಡಿಯಾದ್ದು ಮೆಲ್ಲಮೆಲ್ಲನೆ ಏರಿತು. ಜನರ ಮಾತಿನ ಭಾಷೆಯಲ್ಲಿದ್ದುದಕ್ಕೂ ಇಂಗ್ಲಿಷಿನಲ್ಲಿದ್ದುದಕ್ಕೂ ಇದ್ದ ಅಂತರ ಇದರಿಂದ ವಿಶದವಾಗುತ್ತದೆ.

ಇದರ ಮುಂದಿನ ಭಾಗ ಇನ್ನೂ ಬೋಧಪ್ರದವಾಗಿದೆ. ೧೯೨೨ರಲ್ಲಿ ಅವರು ಸೆರೆಮನೆಗೆ ಹೋದ ಮೇಲೆ ಪ್ರಸಾರ ಇಳಿಯಿತು. ಆತ್ಮಕಥೆಯನ್ನು ಬರೆಯುವ ವೇಳೆಗೆ ಅದು ೮೦೦೦ಕ್ಕೂ ಕೆಳಗಿದ್ದಿತು. ಪತ್ರಿಕೆ ವಾರವಾರವೂ ಬರುತ್ತಲೇ ಇತ್ತು. ಆವರ್ತನವೊಂದೇ ವಾಚಕರನ್ನು ಹಿಡಿದಿಡುವುದಾಗಿದ್ದರೆ ಈ ಇಳಿತ ಆಗಬಾರದಾಗಿತ್ತು. ಗೊತ್ತಾದ ದಿನ ವಾಚಕನನ್ನು ಬಾಗಿಲವರೆಗೆ ಕರೆತರುತ್ತದೆ. ಒಳಗೆ ಕೂರಿಸುವುದು ಬರಹದ ಸತ್ತ್ವ.

ಆ ಆತ್ಮಕಥೆಯೂ ೧೯೨೫ರಿಂದ ೧೯೨೯ರವರೆಗೆ ನವಜೀವನದಲ್ಲಿ ವಾರವಾರವೂ ಸಣ್ಣ ಸಣ್ಣ ಕಂತುಗಳಾಗಿ ಪ್ರಕಟವಾದುದೇ. ಒಂದೊಂದು ಅಧ್ಯಾಯವೂ ಎರಡು ಮೂರು ಪುಟಗಳಿಗೆ ಮೀರದೆ, ತನ್ನಷ್ಟಕ್ಕೆ ತಾನು ಪೂರ್ಣವಾಗಿ, ಮುಂದಿನದಕ್ಕೆ ಎಡೆಮಾಡಿಕೊಡುವ ಆ ರೀತಿ ವಾರದ ಕಂತಿನಿಂದಲೇ ಬಂದ ಗುಣ. ಹನಿಗೂಡಿದರೆ ಹಳ್ಳ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

೫. ಕನ್ನಡದಲ್ಲಿ ಕಿರುಬರಹ

ಕನ್ನಡದಲ್ಲಿಯೂ ಕಿರುಬರಹದ ಪರಂಪರೆ ಬಡವಾದುದಲ್ಲ. ೧೯೪೨ರಲ್ಲಿ ರಾಶಿ ಎಂಬ ಹೆಸರಿನ ಡಾಕ್ಟರ್ ಎಂ. ಶಿವರಾಂ ಅವರು ಆರಂಭಿಸಿದ ‘ಕೊರವಂಜಿ’ ೧೯೬೭ರವರೆಗೆ ನಗೆಹನಿಗಳನ್ನೂ ವ್ಯಂಗ್ಯಚಿತ್ರಗಳನ್ನೂ ತಿಂಗಳು ತಿಂಗಳೂ ಮನೆಮನೆಗೆ ತಲುಪಿಸಿತು. ಅದರಲ್ಲಿ ಎಳವೆಯಲ್ಲಿ ಚಿತ್ರ ಬರೆದ ಆರ್. ಕೆ. ಲಕ್ಷ್ಮಣ್ ಅವರು ಮುಂದೆ ೧೯೫೧ರಿಂದ ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿ ಒಂದು ಪುಟ್ಟ ಚೌಕದ ಚಿತ್ರವನ್ನು ಅರ್ಧ ಶತಮಾನಕ್ಕೂ ಮೀರಿ ಬರೆದರು. ‘ಪ್ರಜಾವಾಣಿ’ಯ ಸಂಪಾದಕರಾಗಿದ್ದ ಟಿ. ಎಸ್. ರಾಮಚಂದ್ರರಾಯರ ‘ಛೂಬಾಣ’ವನ್ನು ಹಿಂದಿನ ತಲೆಮಾರಿನವರು ಇಂದಿಗೂ ಸ್ಮರಿಸುವರು. ದಿನಕರ ದೇಸಾಯಿಯವರ ಚೌಪದಿ ನಾಲ್ಕೇ ಸಾಲಿನದು. ಆದರೆ ಅದನ್ನು ಬಾಯಿಪಾಠ ಹೇಳುವವರು ಉತ್ತರ ಕನ್ನಡದ ಆಚೆಗೂ ಇದ್ದಾರೆ. ಕಿರುಬರಹದ ದೊಡ್ಡ ಗುಣವೇ ಇದು: ಅದು ಓದಿದವನ ಬಾಯಲ್ಲಿ ಉಳಿದು, ಓದದವನ ಕಿವಿಗೂ ಬೀಳುತ್ತದೆ. ವಾಚಕನು ತಾನೇ ಪತ್ರಿಕೆಯ ಪ್ರಚಾರಕನಾಗುತ್ತಾನೆ.

ಇದಕ್ಕೆ ವಿರುದ್ಧವಾದ ಉದಾಹರಣೆಯನ್ನೂ ನೋಡಬೇಕು. ೧೯೧೯ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ಎ. ಆರ್. ಕೃಷ್ಣಶಾಸ್ತ್ರಿಗಳು ಆರಂಭಿಸಿದ ‘ಪ್ರಬುದ್ಧ ಕರ್ಣಾಟಕ’ ತ್ರೈಮಾಸಿಕ. ಮೂರು ತಿಂಗಳಿಗೊಮ್ಮೆ ಬರುವ ಪತ್ರಿಕೆಗೆ ಸಾಮಾನ್ಯರ ದೊಡ್ಡ ಗುಂಪು ಕೂಡುವುದು ಕಷ್ಟ. ಆದರೆ ಹೊಸಗನ್ನಡದ ವಿದ್ವತ್ತಿಗೆ ಅದು ನೆಲೆಯಾಯಿತು. ಕೃಷ್ಣಶಾಸ್ತ್ರಿಗಳ ಆಪ್ತ ಒಡನಾಡಿಗಳಾಗಿದ್ದ ಟಿ. ಎಸ್. ವೆಂಕಣ್ಣಯ್ಯನವರು ನಮ್ಮ ಚಳ್ಳಕೆರೆ ತಾಲ್ಲೂಕಿನ ತಳುಕಿನವರೆಂಬುದು ನಮಗೆ ಅಭಿಮಾನದ ವಿಷಯ. ಎಲ್ಲ ಪತ್ರಿಕೆಯೂ ದಿನದಿನವೂ ಬಾಗಿಲು ತಟ್ಟಬೇಕಾಗಿಲ್ಲ. ಯಾರಿಗಾಗಿ ಬರೆಯುತ್ತಿದ್ದೇವೆಂಬುದು ಮೊದಲು ನಿಶ್ಚಯವಾಗಬೇಕು.

೬. ಕೂಡುವ ಲೆಕ್ಕ, ಕಳೆಯುವ ಲೆಕ್ಕ

ಈಗ ವಿಷಯವನ್ನು ಒಂದು ಸಣ್ಣ ಗಣಿತದಿಂದ ಸ್ಪಷ್ಟಪಡಿಸಿಕೊಳ್ಳೋಣ. ಇದು ಉದಾಹರಣೆಗಾಗಿ ಕಲ್ಪಿಸಿಕೊಂಡ ಲೆಕ್ಕವೇ ಹೊರತು ಎಲ್ಲಿಯೂ ಎಣಿಸಿ ತಂದುದಲ್ಲ.

ಒಂದು ವಾರ್ತಾಪತ್ರಕ್ಕೆ ೧೦೦ ವಾಚಕರಿದ್ದಾರೆಂದು ಇಟ್ಟುಕೊಳ್ಳೋಣ. ಸಂಪಾದಕರು ವಾರಕ್ಕೊಂದು ಕಿರುಬರಹವನ್ನು ಕೊಡುತ್ತಾರೆ. ಒಂದೊಂದರಿಂದಲೂ ಹೊಸ ವಾಚಕರು ೩ ಮಂದಿ ಬಂದರೆ ತಿಂಗಳಿಗೆ ೧೨ ಮಂದಿ. ಬೇಸರಗೊಂಡು ಬಿಟ್ಟವರು ೨ ಮಂದಿ. ನಿವ್ವಳ ಲಾಭ ೧೦. ಇನ್ನೊಬ್ಬ ಸಂಪಾದಕರು ದಿನಕ್ಕೊಂದರಂತೆ ೩೦ ಬರಹ ಕೊಡುತ್ತಾರೆ. ಬರಹ ಹೆಚ್ಚಿದಷ್ಟೂ ಒಂದೊಂದರ ಆಕರ್ಷಣೆ ಕಡಮೆಯಾಗುವುದರಿಂದ ತಲಾ ಒಬ್ಬರಂತೆ ೩೦ ಮಂದಿ ಬರುತ್ತಾರೆ. ಮೇಲುನೋಟಕ್ಕೆ ಇದು ದೊಡ್ಡ ಗೆಲುವು. ಆದರೆ ದಿನದಿನದ ಕರೆಗೆ ಬೇಸತ್ತು ೨೫ ಮಂದಿ ಬಿಟ್ಟುಹೋದರೆ ನಿವ್ವಳ ಲಾಭ ೫ ಮಾತ್ರ. ಏಳು ಪಟ್ಟಿಗೂ ಮೀರಿದ ದುಡಿಮೆಗೆ ಅರ್ಧದಷ್ಟು ಫಲ!

ಬಂದವರನ್ನು ಎಣಿಸುವುದು ಸುಲಭ, ಏಕೆಂದರೆ ಅವರು ಹೆಸರು ಬರೆಯಿಸುತ್ತಾರೆ. ಹೋದವರು ಹೇಳಿ ಹೋಗುವುದಿಲ್ಲ. ಇನ್ನು ಕೆಲವರು ಹೆಸರನ್ನು ಉಳಿಸಿಕೊಂಡೇ ಓದುವುದನ್ನು ನಿಲ್ಲಿಸಿಬಿಡುತ್ತಾರೆ. ಇವರೇ ಸಂಪಾದಕನನ್ನು ಹೆಚ್ಚು ಮೋಸಗೊಳಿಸುವವರು. ದಿನಾ ಸಾಯುವವರಿಗೆ ಅಳುವವರು ಯಾರು ಎಂದು ನಮ್ಮ ಜನ ಹೇಳುವುದು ಇಂಥಲ್ಲಿಗೂ ಅನ್ವಯಿಸುತ್ತದೆ.

ಅತಿ ವಿರಳವಾದರೂ ಕೇಡೇ. ಮೂರು ತಿಂಗಳಿಗೊಮ್ಮೆ ಒಂದು ಕಿರುಬರಹ ಬಂದರೆ, ಇದು ಯಾರದೆಂದು ನೆನಪು ಮಾಡಿಕೊಳ್ಳುವುದರಲ್ಲೇ ವಾಚಕನ ಉತ್ಸಾಹ ಮುಗಿಯುತ್ತದೆ. ನಮ್ಮ ಸೀಮೆಯ ಶೇಂಗಾ ಬೆಳೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಿತ್ತನೆಗೆ ಒಂದು ಹದ, ಹೂವು ಕಟ್ಟುವಾಗ ಒಂದು ಹದ, ಕಾಯಿ ಬಲಿಯುವಾಗ ಒಂದು ಹದ ಬೇಕು. ಅಷ್ಟೂ ಮಳೆ ಒಂದೇ ದಿನ ಸುರಿದರೆ ಹಳ್ಳಕ್ಕೆ ಹರಿದುಹೋಗುವುದು. ನಡುವೆ ಎರಡು ತಿಂಗಳು ಬಾರದಿದ್ದರೆ ಬಳ್ಳಿ ಒಣಗುವುದು. ವರ್ಷದ ಒಟ್ಟು ಮಳೆಯ ಅಂಕಿಯನ್ನು ನೋಡಿ ಫಸಲನ್ನು ಹೇಳಲಾಗದು. ತಿಂಗಳ ಒಟ್ಟು ಬರಹಗಳನ್ನು ಎಣಿಸಿ ವಾಚಕರನ್ನು ಹೇಳಲಾಗದು.

೭. ಇಂದಿನ ಸ್ಥಿತಿ

ಇಂದು ಅಚ್ಚುಕೂಟವಿಲ್ಲದೆಯೂ ಪತ್ರಿಕೆ ಹೊರಡಬಲ್ಲುದು. ಕೈಯಲ್ಲಿನ ಮೊಬೈಲಿನಿಂದ ಕಿರುಬರಹವೊಂದು ಕ್ಷಣದಲ್ಲಿ ನೂರು ಮನೆಗಳನ್ನು ಸೇರುವುದು. ಖರ್ಚಿಲ್ಲ, ಟಪಾಲಿನ ಕಾಯುವಿಕೆ ಇಲ್ಲ. ಆದುದರಿಂದಲೇ ಹಿಂದಿನ ಸಂಪಾದಕನಿಗೆ ಕಾಗದದ ಬೆಲೆ ಹಾಕುತ್ತಿದ್ದ ಮಿತಿ ಇಂದಿನವನಿಗೆ ಇಲ್ಲ. ತನ್ನ ಮಿತಿಯನ್ನು ತಾನೇ ಹಾಕಿಕೊಳ್ಳಬೇಕು. ೨೦೧೮ರಲ್ಲಿ ವಾಟ್ಸ್ಆ್ಯಪ್ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಮುಂದೆ ಕಳುಹಿಸದಂತೆ ಕಟ್ಟು ಮಾಡಿತು. ಸುಳ್ಳುಸುದ್ದಿಯ ತಡೆಗಾಗಿ ಮಾಡಿದ ಕಟ್ಟು ಅದು. ಆದರೂ ಮಾತು ಅಗ್ಗವಾದಾಗ ಅದಕ್ಕೆ ಅಣೆಕಟ್ಟು ಬೇಕಾಗುವುದೆಂಬುದನ್ನು ಅದು ತೋರಿಸಿಕೊಟ್ಟಿತು. ಬೆಳಗಾದರೆ ಬರುವ ಶುಭೋದಯದ ಚಿತ್ರಗಳ ರಾಶಿಯಲ್ಲಿ ನಮ್ಮ ಬರಹವೂ ಒಂದಾಗಿ ಹೋದರೆ, ಅದು ತಲುಪಿಯೂ ತಲುಪದಂತೆಯೇ.

೮. ನಮ್ಮ ಎರಡು ತಾಲ್ಲೂಕುಗಳಿಗೆ ಇದರಿಂದೇನು?

ಚಳ್ಳಕೆರೆ ಮೊಳಕಾಲ್ಮೂರುಗಳು ರಾಜ್ಯದ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು ಹೆಚ್ಚಾಗಿ ಬರಗಾಲದ ಪಟ್ಟಿಯಲ್ಲಿ. ಇಲ್ಲಿಯ ಜೀವನದಲ್ಲಿ ಬರವೊಂದೇ ಇಲ್ಲ. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಮಗ್ಗಗಳಿವೆ. ಚಳ್ಳಕೆರೆಯ ಎಣ್ಣೆ ಗಿರಣಿಗಳಿವೆ. ಕುರಿ, ಕಂಬಳಿ, ಹಟ್ಟಿಗಳ ಹಾಡು ಇವೆ. ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಸಾವಿರಾರು ಹಾಡುಗಳನ್ನು ಕೃಷ್ಣಮೂರ್ತಿ ಹನೂರರು ಕೇಳಿ ಬರೆದುಕೊಂಡುದರಿಂದ ಅವು ಲೋಕಕ್ಕೆ ತಿಳಿದುವು. ಹಾಗೆ ಬರೆದುಕೊಳ್ಳುವವರಿಲ್ಲದೆ ಹೋದ ಹಾಡುಗಳ ಲೆಕ್ಕ ಇಟ್ಟವರಾರು?

ಇನ್ನೊಂದು ಗಂಭೀರ ವಿಷಯವಿದೆ. ಕುದಾಪುರದ ಸುತ್ತಿನ ಅಮೃತಮಹಲ್ ಕಾವಲಿನಲ್ಲಿ ದೊಡ್ಡ ವಿಜ್ಞಾನ ಸಂಸ್ಥೆಗಳು ನೆಲೆಗೊಂಡುವು. ದೇಶಕ್ಕೆ ವಿಜ್ಞಾನವೂ ಬೇಕು, ಹಳ್ಳಿಗೆ ಮೇವೂ ಬೇಕು. ಈ ತೂಕದ ಪ್ರಶ್ನೆ ೨೦೧೩ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆಯೂ ಹೋಯಿತು. ಇಂಥ ವಿಷಯವನ್ನು ಎರಡು ಕಡೆಯ ಮಾತನ್ನೂ ಇಟ್ಟು ನಿಧಾನವಾಗಿ ಬಿಡಿಸಿ ಹೇಳಲು ದೀರ್ಘ ಲೇಖನವೇ ಬೇಕು. ಆದರೆ ಅದನ್ನು ಓದುವ ವಾಚಕವರ್ಗ ಪ್ರಶ್ನೆ ಎದ್ದ ದಿನ ಹುಟ್ಟುವುದಿಲ್ಲ, ಮೊದಲೇ ಸಿದ್ಧವಾಗಿರಬೇಕು. ನೀರು ಬೇಕಾದಾಗ ಬಾವಿ ತೋಡಲು ಹೊರಟರೆ ಆಗುವುದೇ? ಕಿರುಬರಹದ ಪ್ರಯೋಜನ ಇಲ್ಲಿಯೇ ಇದೆ. ಸಣ್ಣ ಸುದ್ದಿಯನ್ನು ವರ್ಷವಿಡೀ ನಂಬಿಕೆಯಿಂದ ಕೊಟ್ಟವನ ದೊಡ್ಡ ಮಾತನ್ನು ಜನ ಕೇಳುವರು.

ಆದುದರಿಂದ ನಮ್ಮಂಥ ಕಾಲೇಜಿನಲ್ಲಿ ವಾರ್ತಾಪತ್ರವನ್ನು ನಡೆಸಬೇಕೆನ್ನುವವರಿಗೆ ಈ ಕೆಲವು ನಿಯಮಗಳು ಉಪಯುಕ್ತವಾಗಬಹುದು.

(ಅ) ತಿಂಗಳಿಗೊಂದು ಸಂಚಿಕೆ, ವಾರಕ್ಕೊಂದು ಕಿರುಬರಹ ಇಷ್ಟರಿಂದ ಆರಂಭಿಸುವುದು ಲೇಸು. ವರ್ಷಕ್ಕೆ ೫೨ ಕಿರುಬರಹಗಳಾಗುತ್ತವೆ. ಪರೀಕ್ಷೆಯ ಕಾಲವನ್ನೂ ರಜವನ್ನೂ ಎಣಿಸಿ, ಎಂಟು ಹತ್ತು ಬರಹಗಳನ್ನು ಮುಂದಾಗಿಯೇ ಕೂಡಿಟ್ಟುಕೊಂಡಿರಬೇಕು.

(ಆ) ದಿನವನ್ನು ಬರೆಯುವವರ ಬಿಡುವು ನೋಡಿ ಗೊತ್ತುಮಾಡದೆ, ಓದುವವರ ಬಿಡುವು ನೋಡಿ ಗೊತ್ತುಮಾಡಬೇಕು. ಊರಿನ ಸಂತೆಯ ಹಿಂದಿನ ಸಂಜೆ ಬಂದ ಶೇಂಗಾ ದರ ಉಪಯೋಗಕ್ಕೆ ಬರುವುದು. ಮಾರನೆಯ ದಿನ ಬಂದರೆ ಅದು ಇತಿಹಾಸ.

(ಇ) ಕಿರುಬರಹ ತನ್ನಷ್ಟಕ್ಕೆ ಪೂರ್ಣವಾಗಿರಬೇಕು. ಪೂರ್ತಿ ವಿಷಯಕ್ಕೆ ತಿಂಗಳ ಸಂಚಿಕೆಯನ್ನು ನೋಡಿರಿ ಎಂದು ಆಸೆ ತೋರಿಸಿ ನಿಲ್ಲಿಸುವ ಬರಹ ಒಮ್ಮೆ ಫಲಿಸೀತು, ಎರಡನೆಯ ಸಲ ಸಿಟ್ಟು ತರಿಸೀತು.

(ಈ) ಆವರ್ತನವನ್ನು ಹೆಚ್ಚಿಸಬೇಕೆನಿಸಿದಾಗ, ಹಿಂದಿನ ನಾಲ್ಕು ಬರಹಗಳನ್ನು ಓದಿದವರು ಯಾರು ಯಾರೆಂದು ಹತ್ತು ಮಂದಿಯನ್ನು ಕೇಳಿ ನೋಡಬೇಕು. ನೆನಪಿಟ್ಟವರು ಹೆಚ್ಚಿದ್ದರೆ ಹೆಚ್ಚಿಸಬಹುದು. ಇಲ್ಲವಾದರೆ ಸಂಖ್ಯೆಯನ್ನು ಬಿಟ್ಟು ಸತ್ತ್ವವನ್ನು ಹೆಚ್ಚಿಸಬೇಕು.

(ಉ) ಹೇಳಲು ವಿಷಯವಿಲ್ಲದ ವಾರ ಹುಸಿ ಬರಹದಿಂದ ಸ್ಥಳ ತುಂಬಬಾರದು. ಕೂಡಿಟ್ಟ ಒಳ್ಳೆಯ ಬರಹವೊಂದು ಇಂಥ ವಾರಕ್ಕಾಗಿಯೇ ಇರುವುದು.

ಒಟ್ಟಿನಲ್ಲಿ ಹೇಳುವುದಾದರೆ, ವಾಚಕವರ್ಗವನ್ನು ಬೆಳೆಸುವುದು ಬರಹಗಳ ಸಂಖ್ಯೆಯಲ್ಲ. ಕೊಟ್ಟ ಮಾತಿಗೆ ತಪ್ಪದೆ ಬರುವ ಬರಹದ ಮೇಲಣ ವಿಶ್ವಾಸ. ಸಣ್ಣದಾಗಿರಲಿ, ಆದರೆ ಗೊತ್ತಾದ ದಿನ ಬರಲಿ. ಗೊತ್ತಾದ ದಿನ ಬರಲಿ, ಆದರೆ ಏನಾದರೊಂದು ಪ್ರಯೋಜನವನ್ನು ಹೊತ್ತು ಬರಲಿ. ಈ ಎರಡೂ ಕೂಡಿದಲ್ಲಿ ಒಂದು ಹಾಳೆಯ ಪತ್ರಿಕೆಯೂ ಒಂದು ಸೀಮೆಯ ಬಾಯಾಗಬಲ್ಲುದು. ಕಾಲೇಜಿನಿಂದ ಪದವಿ ಪಡೆದು ಹೊರಡುವ ನಮ್ಮಲ್ಲಿ ಬಹುಮಂದಿ ಕೆಲಸವನ್ನರಸಿ ದೂರದ ಊರುಗಳಿಗೆ ಹೋಗಬೇಕಾಗಿದೆ. ಹೋದವರಿಗೂ ಉಳಿದವರಿಗೂ ನಡುವೆ ವಾರಕ್ಕೊಮ್ಮೆ ಒಂದು ಸಣ್ಣ ಮಾತು ತಪ್ಪದೆ ಓಡಾಡುತ್ತಿದ್ದರೆ, ಅದೇ ಈ ಎರಡು ತಾಲ್ಲೂಕುಗಳಿಗೆ ವಿದ್ಯಾವಂತರು ಸಲ್ಲಿಸಬಹುದಾದ ಮೊದಲ ಸೇವೆ.